ಸವೆಯದ ಬೂಟು

ಐದು ವರ್ಷವಾದರೂ ನನ್ನ ಮಗಳು ಪ್ರಭಾಳ ಹಿಮ್ಮಡಿ ನೆಲ ಮುಟ್ಟಿರಲಿಲ್ಲ. ಹುಟ್ಟುವಾಗ ಉಸಿರು ತಡವಾಗಿ ಮಿದುಳಿಗೆ ಪೆಟ್ಟಾಗಿತ್ತು, ಕಾಲುಗಳು ಬಿಗಿದುಕೊಂಡಿದ್ದವು. ಗೋಡೆ ಹಿಡಿದು ತುದಿಗಾಲಲ್ಲಿ ನಿಲ್ಲುತ್ತಿದ್ದಳು, ಮೋಡದಿಂದ ಇಳಿಯಲು ಇನ್ನೂ ಮನಸ್ಸು ಮಾಡದ ಗಂಧರ್ವ ಕನ್ಯೆಯ ಹಾಗೆ.

ಎಪ್ಪತ್ತಾರನೇ ಇಸವಿಯಲ್ಲಿ ಡಾಕ್ಟರ್ ಪದ್ಮನಾಭ ಅವರು ಹಿಮ್ಮಡಿಯ ಹಿಂದಿನ ನರ ಕೊಯ್ದು ಉದ್ದ ಮಾಡಿದರು. ಆರು ವಾರ ಪ್ಲಾಸ್ಟರ್. ಬಿಚ್ಚಿದ ದಿನ ಎರಡೂ ಪಾದ ಆಸ್ಪತ್ರೆಯ ನೆಲದ ಮೇಲೆ ಪೂರಾ ಕೂತವು.

"ಅಮ್ಮಾ, ನೆಲ ತಣ್ಣಗಿದೆ ಕಣೇ!"

ಆಮೇಲೆ ಬೂಟು ಬಂತು. ಕಂದು ಚರ್ಮ, ಎರಡೂ ಬದಿಗೆ ಮೊಣಕಾಲಿನವರೆಗೆ ಕಬ್ಬಿಣದ ಸಲಾಕೆ. "ಇದನ್ನ ಹಾಕ್ಕೊಂಡೇ ನಡೀಬೇಕು. ಆರು ತಿಂಗಳು ಬಿಟ್ಟು ಬನ್ನಿ" ಎಂದರು ಡಾಕ್ಟರು. ನಮ್ಮಜ್ಜಿಯ ಕಥೆಗಳಲ್ಲಿ, ಮೆಟ್ಟಿದವರನ್ನು ಏಳು ಕಡಲಾಚೆ ಹಾರಿಸುವ ಹಾವುಗೆಗಳಿರುತ್ತಿದ್ದವು. ನನ್ನ ಮಗಳಿಗೂ ಸಿಕ್ಕವು ಎಂದುಕೊಂಡೆ.

ಗೋವಿಂದರಾಜನಗರದ ಬಾಡಿಗೆ ಮನೆ. ಅಡುಗೆಮನೆ ಬಿಟ್ಟರೆ ಇದ್ದದ್ದು ಒಂದೇ ಕೋಣೆ. ಅತ್ತೆ ಲಿಂಗಪೂಜೆಗೆ ಕೂರುವುದೂ ಅಲ್ಲೇ. ಚರ್ಮದ ಮೆಟ್ಟು ಒಳಗೆ ಬಂದದ್ದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ತರಬಹುದೆಂದು ನನಗೆ ತೋಚಲೂ ಇಲ್ಲ. ಹೊರಗೆ ಹೊರಟಾಗ ತೊಡಿಸುತ್ತಿದ್ದೆ, ಬಂದೊಡನೆ ಬಿಚ್ಚಿ ಒರೆಸಿ ಬಾಗಿಲ ಬಳಿ ಇಡುತ್ತಿದ್ದೆ. ಬೀದಿಯ ಮಕ್ಕಳು "ಕಬ್ಬಿಣದ ಕಾಲು ಬಂತು ಕಣ್ರೋ" ಎಂದು ಕೂಗತೊಡಗಿದ ಮೇಲೆ ಹೊರಗೆ ಹೋಗುವುದೂ ಕಡಿಮೆಯಾಯಿತು. ಅತ್ತೆ ಮಾತ್ರ ದಿನವೂ ಆ ಕಾಲುಗಳಿಗೆ ಹರಳೆಣ್ಣೆ ತಿಕ್ಕುತ್ತಿದ್ದರು.

ಆರು ತಿಂಗಳ ಮೇಲೆ ಡಾಕ್ಟರು ಬೂಟನ್ನು ಮಗುಚಿ ನೋಡಿದರು.

"ಏನಮ್ಮ, ಅಟ್ಟೆ ಸವೆದೇ ಇಲ್ವಲ್ಲ?"

"ಜೋಪಾನ ಮಾಡಿದೀವಿ ಸಾರ್" ಎಂದೆ, ಹೆಮ್ಮೆಯಿಂದ.

"ಮನೇಲಿ ಹಾಕ್ತಾ ಇರ್ಲಿಲ್ವಾ?"

"ಮನೇಲಿ ಯಾರು ಸಾರ್ ಬೂಟು ಹಾಕ್ತಾರೆ?"

ಅವರು ಬೈಯಲಿಲ್ಲ. ಪ್ರಭಾಳ ಪಾದವನ್ನು ಮೇಲಕ್ಕೆ ಒತ್ತಿ ನೋಡಿದರು, ಅದು ಬಗ್ಗಲಿಲ್ಲ.

"ಮನೇಲೂ ಹಾಕ್ಬೇಕು ಅಂತ ನಾನಾದ್ರೂ ಬಿಡಿಸಿ ಹೇಳ್ಬೇಕಿತ್ತು. ನರ ಮತ್ತೆ ಬಿಗಿದಿದೆಯಮ್ಮ. ಇನ್ನೊಂದ್ಸಲ ಕೊಯ್ದರೆ ಇರೋ ಶಕ್ತೀನೂ ಹೋಗ್ಬಹುದು. ನಾನು ಕೊಯ್ಯಲ್ಲ."

ಮನೆಗೆ ಬಂದು ಹೇಳಿದೆ. ಅತ್ತೆ ತಾವೇ ಬೂಟನ್ನು ಎತ್ತಿ ತಂದು, ಪೂಜೆಯ ಮಣೆಯ ಪಕ್ಕದಲ್ಲೇ ಮೊಮ್ಮಗಳನ್ನು ಕೂರಿಸಿಕೊಂಡರು. ಹಿಮ್ಮಡಿ ಬೂಟಿನೊಳಗೆ ಕೂರಲಿಲ್ಲ. ಒತ್ತಿದರು.

"ನೋಯುತ್ತೆ ಅಜ್ಜಿ."

"ಇನ್ನೊಂಚೂರು ನನ್ನವ್ವ, ಇನ್ನೊಂದೇ ಚೂರು."

ಕೊನೆಗೆ ಪ್ರಭಾಳೇ ಅವರ ಕೈ ಹಿಡಿದು ನಿಲ್ಲಿಸಿದಳು.

"ಅಳ್ಬೇಡ ಅಜ್ಜಿ. ನಂಗೆ ತುದಿಗಾಲೇ ಅಭ್ಯಾಸ."

ಎಲ್ಲಿ ನೋಡಬೇಕೋ ತಿಳಿಯದೆ ನಾನು ಅವಳ ಕಾಲುಚೀಲಗಳನ್ನು ಮಡಿಸುತ್ತಾ, ಮತ್ತೆ ಬಿಡಿಸಿ ಮಡಿಸುತ್ತಾ ಕೂತಿದ್ದೆ.