ಪೆಟ್ಟಿಗೆಯ ಮೇಲೆ ಟವಲ್

ಪರದೆಯ ಮೇಲೆ ಹಸಿರು ದೀಪ ಹತ್ತಿದ್ದೇ ತಡ, ಸಭೆ ಚಪ್ಪಾಳೆ ತಟ್ಟಿತು. ತುಮಕೂರಿನಲ್ಲಿ ಗುಂಡಿ ಒತ್ತಿದರೆ ಕೊರಟಗೆರೆ ಪಕ್ಕದ ಹೊಲದಲ್ಲಿ ಪಂಪು ತಿರುಗುತ್ತದೆಂದರೆ ಯಾರು ತಾನೇ ತಟ್ಟುವುದಿಲ್ಲ? ಒತ್ತಿದವನು ನರಸಿಂಹರಾಜು. ಅವನೂ ಅವನ ಅಕ್ಕ ಶ್ರೀಲತಾಳೂ ಮಧುಗಿರಿಯವರು. ಇದೇ ವಿಶ್ವವಿದ್ಯಾಲಯದಲ್ಲಿ ಓದಿ, ಸ್ವಂತ ಕಂಪನಿ ಕಟ್ಟಿ, ಈಗ ಇಲ್ಲಿನ ವಿದ್ಯಾರ್ಥಿಗಳ ಹೊಸ ಉದ್ಯಮಗಳಿಗೆ ಬೆನ್ನೆಲುಬಾಗಿ ನಿಂತಿದ್ದರು. ಈ ಯಂತ್ರ ಮಾಡಿದವಳು ಕೊನೆಯ ವರ್ಷದ ಅನುಷಾ. ಹೊಲ ಅವಳ ಅಪ್ಪ ಸಣ್ಣರಂಗಯ್ಯನದು. ಇನ್ನೊಂದು ತಿಂಗಳು ಪರೀಕ್ಷೆ ಮಾಡೋಣ ಎಂದು ಶ್ರೀಲತಾ ಹೇಳಿದ್ದಳು. ತಮ್ಮನಿಗೋ ಎಲ್ಲದಕ್ಕೂ ಅವಸರ. ಕೊನೆಗೆ ಅವಳೂ ಸುಮ್ಮನಾಗಿಬಿಟ್ಟಿದ್ದಳು.

ಹೊಲದ ಸ್ಟಾರ್ಟರ್ ಪೆಟ್ಟಿಗೆಯ ವಿಡಿಯೊ ಪಕ್ಕದಲ್ಲೇ ಬರುತ್ತಿತ್ತು. ದೀಪ ಹತ್ತಿದ ಮರುಗಳಿಗೆ ನೆಟ್‌ವರ್ಕ್ ಹೋಗಿ ಚಿತ್ರ ಹಾಗೇ ನಿಂತಿತು. ಆಗ ಶ್ರೀಲತಾಳ ಕಣ್ಣಿಗೆ ಪೆಟ್ಟಿಗೆಯ ಮೇಲಿನ ಕೆಂಪು ಟವಲ್ ಬಿತ್ತು. ಈ ಸೀಮೆಯಲ್ಲಿ ಪೆಟ್ಟಿಗೆಗೆ ಟವಲ್ ಹಾಕಿದ್ದರೆ, ಯಾರೋ ತಂತಿಗೆ ಕೈ ಹಾಕಿದ್ದಾರೆ, ಮುಟ್ಟಬೇಡಿ ಎಂದೇ ಅರ್ಥ. ದಾರಿಹೋಕನಿಗೂ ತಿಳಿಯುವ ಮಾತು. ತಿಳಿಯದ್ದು ಯಂತ್ರಕ್ಕೆ ಮಾತ್ರ.

ಸಣ್ಣರಂಗಯ್ಯನ ಫೋನ್ ಸಿಗಲಿಲ್ಲ. ಅಕ್ಕಪಕ್ಕದ ಹೊಲದವರದ್ದೂ ಸಿಗಲಿಲ್ಲ. ಅನುಷಾಳೂ ಸೇರಿ ಮೂವರೂ ಓಡಿಹೋಗಿ ಕಾರು ಹತ್ತಿದರು.

“ಹಸಿರು ಅಂದ್ರೆ ಆರ್ಡರ್ ತಲುಪ್ತು ಅಂತ ಅಷ್ಟೇ ಮೇಡಂ,” ಎಂದಳು ಅನುಷಾ. “ಮೋಟ್ರು ತಿರುಗಿದ್ರೆ ನೀಲಿ ಹತ್ತಬೇಕಾಗಿತ್ತು. ಹತ್ತಲಿಲ್ಲ. ಮಿಷನ್ನು, ಕ್ಯಾಮೆರಾ ಬ್ಯಾಟರೀಲಿ ನಡೆಯುತ್ತೆ, ಮೋಟ್ರಿಗೆ ಅಲ್ಲಿ ಕರೆಂಟ್ ಇರ್ಲಿಲ್ಲ.”

“ಸದ್ಯ, ಬದುಕ್ಕೊಂಡ್ವಿ,” ಎಂದ ನರಸಿಂಹರಾಜು.

“ಇಲ್ಲ ಸಾರ್. ಆರ್ಡರ್ ಪೆಟ್ಟಿಗೇಲೇ ಕೂತಿರುತ್ತೆ. ಕರೆಂಟ್ ಬಂದ ತಕ್ಷಣ ತಾನೇ ಆನ್ ಆಗುತ್ತೆ. ನೆಟ್‌ವರ್ಕ್ ಇಲ್ದೆ ವಾಪಸ್ ತಗೊಳ್ಳಕ್ಕಾಗಲ್ಲ.”

“ಎಷ್ಟೊತ್ತಿಗಮ್ಮ ಬರೋದು ಕರೆಂಟ್?” ಶ್ರೀಲತಾ ಕೇಳಿದಳು.

“ಒಂದು ಗಂಟೆಗೆ.”

ಆಗಲೇ ಹನ್ನೆರಡೂ ಇಪ್ಪತ್ತಾಗಿತ್ತು.

ನರಸಿಂಹರಾಜು ದಾರಿಯುದ್ದಕ್ಕೂ ಹಾರ್ನ್ ಬಾರಿಸುತ್ತ ಕಾರು ಓಡಿಸಿದ. ಹಾಳಾದ ಖಾಸಗಿ ಬಸ್ಸೊಂದು ದಾರಿ ಬಿಡದೆ ಮೂರು ಮೈಲಿ ಆಟವಾಡಿಸಿತು. ಶ್ರೀಲತಾಳಿಗೆ ತಮ್ಮನಿಗಿಂತ ತನ್ನ ಮೇಲೇ ಹೆಚ್ಚು ಸಿಟ್ಟು ಬಂತು. ಬೇಡ ಎನ್ನುವ ಬಾಯಿ ಇದ್ದೂ ಗಟ್ಟಿಯಾಗಿ ಅನ್ನಲಿಲ್ಲವಲ್ಲ! ಹಿಂದಿನ ಸೀಟಿನಲ್ಲಿ ಹುಡುಗಿ ಅಪ್ಪನ ನಂಬರನ್ನು ಒತ್ತುತ್ತಲೇ ಇದ್ದಳು.

ಹೊಲ ಮುಟ್ಟಿದಾಗ ಒಂದಕ್ಕೆ ಎರಡೇ ನಿಮಿಷ ಬಾಕಿ. ಸಣ್ಣರಂಗಯ್ಯ ಒದ್ದೆ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕೇಬಲ್ಲಿನ ಬರಿ ತಂತಿಗಳನ್ನು ಎರಡೂ ಕೈಯಲ್ಲಿ ಹಿಡಿದು ಹೊಸೆಯುತ್ತಿದ್ದ.

“ಅಪ್ಪಾ, ಬುಡು! ಕೈ ಬುಡು!”

ಅವನು ತಲೆಯೆತ್ತಿ ಮಗಳನ್ನು ನೋಡಿ ನಕ್ಕ. ಕೈ ಬಿಡಲಿಲ್ಲ. ಅನುಷಾ ಬದು ಹಾರಿ, ಎಡವಿ, ಎದ್ದು ಪೆಟ್ಟಿಗೆಗೆ ನುಗ್ಗಿ ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಕ್ಕೆಳೆದಳು. ಅವಳ ಉಸಿರು ಹತೋಟಿಗೆ ಬರುವ ಮುಂಚೆಯೇ ಪಕ್ಕದ ಹೊಲದ ಪಂಪು ಗುಂಯ್ ಎಂದು ಶುರುವಾಯಿತು.

ನರಸಿಂಹರಾಜು ಹೋಗಿ ಸಣ್ಣರಂಗಯ್ಯನ ಕೈಯಿಂದ ತಂತಿ ಬಿಡಿಸಿದ. ಶ್ರೀಲತಾಳಿಗೆ ಅಳು ತಡೆಯಲಾಗಲಿಲ್ಲ.

ಸಣ್ಣರಂಗಯ್ಯನಿಗೆ ಮಾತ್ರ ಬೇಜಾರಾಗಿತ್ತು. “ಯಾಕವ್ವಾ ಮೇನ್ ತೆಗ್ದುಬುಟ್ಟೆ? ಏನೇ ಆದ್ರೂ ಮೇನ್ ತೆಗೀಬ್ಯಾಡ, ಮೋಟ್ರು ತಿರುಗಾಕಿಲ್ಲ ಅಂತ ಬೆಳಿಗ್ಗೆ ನೀನೇ ಅಂದಿದ್ದೆ. ಅಷ್ಟು ಜನದ ಮುಂದೆ ನಿಂಗೆ ಅವಮಾನ ಆಗಬಾರ್ದು ಅಂತ ತೆಗೀದೆ ಅಂಗೇ ಕೂತೆ ಕಣಮ್ಮ.”