ಹಸಿರು ಅಂಗಿಯ ಹುಲಿ

ಶೇಖರನಿಗೆ ಹುಲಿ ಎಂದರೆ ತಮಾಷೆಯಲ್ಲ. ಡೊಂಬಿವಲಿಯ ಹೋಟೆಲೊಂದರಲ್ಲಿ ವರ್ಷವಿಡೀ ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುವ ಈ ಮನುಷ್ಯ ನವರಾತ್ರಿ ಬಂತೆಂದರೆ ಹುಲಿವೇಷ ಹಾಕಿ ಬೇರೆಯೇ ಆಗುತ್ತಿದ್ದ. ಮೈತುಂಬ ಹಳದಿ ಬಣ್ಣ, ಅದರ ಮೇಲೆ ಕಪ್ಪು ಪಟ್ಟೆ. ಹುಲ್ಲಿನಲ್ಲಿ ಬಿಗಿದು ಕಟ್ಟಿದ ಮಣಭಾರದ ಅಕ್ಕಿಮುಡಿಯನ್ನು ಹಲ್ಲಲ್ಲೇ ಕಚ್ಚಿ ಎತ್ತಿ ತಲೆಯ ಹಿಂದಕ್ಕೆ ಎಸೆದನೆಂದರೆ ನಮ್ಮ ಊರಿನವರಷ್ಟೇ ಅಲ್ಲ, ಮರಾಠಿಯವರೂ ಶಿಳ್ಳೆ ಹೊಡೆಯುತ್ತಿದ್ದರು. ಅಂಥ ಹಲ್ಲು ಅವನದು.

ಸಿನಿಮಾದವರು ಅವನನ್ನು ಹುಡುಕಿಕೊಂಡು ಬಂದದ್ದೂ ಅದಕ್ಕೇ. ಹಳ್ಳಿಯ ಹುಡುಗಿಯೊಬ್ಬಳಿಗೂ ಹುಲಿಗೂ ಸ್ನೇಹವಾಗುವ ಹಳೆಯ ಕಾರ್ಟೂನೊಂದಿತ್ತು, ಅದನ್ನು ಈಗ ನಿಜದ ಮನುಷ್ಯರನ್ನು ಇಟ್ಟು ಮತ್ತೆ ತೆಗೆಯುತ್ತಿದ್ದರು. ನಿಜದ ಹುಲಿಯನ್ನು ತರಲು ಕಾನೂನು ಬಿಡುತ್ತದೆಯೇ? ಹುಲಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಕೂರಿಸುತ್ತಾರಂತೆ. ಆದರೆ ಆ ಜಾಗದಲ್ಲಿ ಈಗ ಯಾರಾದರೂ ಹುಲಿಯ ಹಾಗೆ ನಡೆಯಬೇಕು, ಪೆಟ್ಟು ತಿನ್ನಬೇಕು. ಅದಕ್ಕೊಂದು ಬಿಗಿಯಾದ ದಪ್ಪ ಹಸಿರು ಅಂಗಿ, ಮುಖವೊಂದು ಬಿಟ್ಟು ತಲೆಯಿಂದ ಕಾಲಿನವರೆಗೆ ಒಂದೇ ತುಂಡು, ಜಿಪ್ಪು ಬೆನ್ನಿಗೆ.

ಶೇಖರ ಮಾಡಿದ ಎಡವಟ್ಟು ಏನೆಂದರೆ, ಆ ಅಂಗಿಗೆ ಊದು ಹಾಕಿದ, ಅಂದರೆ ಲೋಬಾನದ ಹೊಗೆ ಹಿಡಿದು ಪೂಜೆ ಮಾಡಿದ. ಅವನ ತಂಡದಲ್ಲಿ ಧೂಪ ಹಿಡಿದು ಊದು ಹಾಕದೆ ಯಾರೂ ಬಣ್ಣಕ್ಕೆ ಮೈ ಕೊಡುವುದಿಲ್ಲ. ಊದು ಬಿತ್ತೆಂದರೆ ಮುಗಿಯಿತು, ಬಣ್ಣ ತೊಳೆಯುವವರೆಗೆ ಅವನು ಹುಲಿ. ಹುಲಿ ನೋವೆಂದು ಬಾಯಿ ಬಿಡುವಂತಿಲ್ಲ, ಇನ್ನೊಂದು ಹುಲಿಯ ಎದುರು ಬೆನ್ನು ನೆಲಕ್ಕೆ ಹಚ್ಚುವಂತಿಲ್ಲ.

"ಅದು ಬಟ್ಟೆ ಮಾರಾಯ್ರೆ, ಬಣ್ಣವಾ? ಅದಕ್ಕೆ ಊದು ಎಂತಕ್ಕೆ?" ಎಂದು ಹೆಂಡತಿ ವಿಮಲಾ ಬೆಳಿಗ್ಗೆಯೇ ಹೇಳಿದ್ದಳು. ಕೇಳಿದರೆ ತಾನೇ! ಘೋಡಬಂದರ್ ರಸ್ತೆಯ ಸ್ಟುಡಿಯೋ ಮುಟ್ಟಿದ್ದೇ, ಮೇಕಪ್ ವ್ಯಾನಿನಲ್ಲಿ ಸ್ಟೀಲ್ ಬಟ್ಟಲಲ್ಲಿ ಕೆಂಡ ಮಾಡಿ, ವ್ಯಾನಿನ ತುಂಬ ಹೊಗೆ ಎಬ್ಬಿಸಿಯೇಬಿಟ್ಟ.

ಎಂಟು ವರ್ಷದ ಮಗಳು ಪ್ರೇಕ್ಷಾ ಜೊತೆಗೆ ಬಂದಿದ್ದಳು. ಅವಳಿಗಾಗಿಯೇ ಅವನು ಈ ಕೆಲಸ ಒಪ್ಪಿದ್ದು. ಕ್ಲಾಸಿನಲ್ಲಿ ಅಪ್ಪ ಏನು ಮಾಡುತ್ತಾನೆ ಎಂದು ಕೇಳಿದರೆ ತಲೆ ತಗ್ಗಿಸುತ್ತಿದ್ದ ಹುಡುಗಿ ಈಗ ಊರಿಗೆಲ್ಲ ಡಂಗುರ ಹೊಡೆದಿದ್ದಳು. "ಪಪ್ಪಾ, ಮೈನೆ ಸಬ್ ಕೋ ಬೋಲ್ ದಿಯಾ, ಟೈಗರ್ ಮೇರೇ ಪಪ್ಪಾ ಹೈ!" ಅವಳ ಕಣ್ಣಲ್ಲಿ ಆ ಹೊಳಪು ಒಂದು ದಿನವಾದರೂ ಉಳಿಯಲಿ ಎಂಬುದೊಂದೇ ಅವನ ಆಸೆ.

ಆ ದಿನದ ದೃಶ್ಯ ಸುಲಭದ್ದು. ಹಳ್ಳಿಯವರು ದೊಣ್ಣೆ ಹಿಡಿದು ಹುಲಿಯನ್ನು ಸುತ್ತುವರಿಯುತ್ತಾರೆ, ಮೂರು ಪೆಟ್ಟು, ಹುಲಿ ಅಂಗಾತ ಬೀಳುತ್ತದೆ. ಸಹಾಯಕಿ ರಮಿತಾ ಎಲ್ಲರಿಗೂ ದೊಣ್ಣೆ ಹಂಚಿದಳು. ನೋಡಲು ಥೇಟ್ ಬಿದಿರು, ಮುಟ್ಟಿದರೆ ಫೋಮು. ಪ್ರೇಕ್ಷಾ ಒಂದನ್ನು ತೆಗೆದುಕೊಂಡು ತನ್ನ ತಲೆಗೆ ತಾನೇ ಬಡಿದು ಕಿಲಕಿಲ ನಕ್ಕಳು.

ಹಳ್ಳಿಯವರ ವೇಷದಲ್ಲಿ ಮುಂದೆಯೇ ನಿಂತವನನ್ನು ನೋಡಿದ್ದೇ ಶೇಖರನಿಗೆ ಗುರುತು ಹತ್ತಿತು. ಭುಜಂಗ! ಕಲ್ಯಾಣದ ತಂಡದ ದೊಡ್ಡ ಹುಲಿ. ಎರಡು ವರ್ಷದ ಹಿಂದೆ ನವರಾತ್ರಿಯಲ್ಲಿ ಎರಡು ತಂಡ ಎದುರುಬದುರಾಗಿ, ದಾರಿ ಬಿಡುವುದು ಯಾರು ಎಂದು ಜಗಳ ಹತ್ತಿ, ಶೇಖರ ಅವನನ್ನು ಸಾವಿರ ಜನರ ನಡುವೆ ಅಂಗಾತ ಕೆಡವಿದ್ದ. ಆಮೇಲೆ ಭುಜಂಗನನ್ನು ಯಾರೂ ಹುಲಿಗೆ ಕರೆಯಲಿಲ್ಲ. ಪಾಪದವನು ಈಗ ಸಿನಿಮಾದ ಗುಂಪಿನಲ್ಲಿ ನಿಲ್ಲುತ್ತಿದ್ದ.

"ವ್ಯಾನಿಂದ ಊದಿನ ವಾಸನೆ ಬಂತು," ಎಂದ ಭುಜಂಗ, ಹಲ್ಲು ಕಿರಿದು. "ಹಾಗಾದ್ರೆ ನೀನಿವತ್ತು ನಿಜದ ಹುಲಿ. ಬೀಳ್ತೀಯಾ ಮಾರಾಯ, ನನ್ನೆದುರು?"

ಮೊದಲ ಟೇಕಿನಲ್ಲಿ ಶೇಖರ ಬೀಳಲಿಲ್ಲ. ಬೀಳಬೇಕೆಂದು ಅವನಿಗೆ ಗೊತ್ತಿತ್ತು, ಮೈ ಒಪ್ಪಲಿಲ್ಲ. ಎರಡನೆಯದರಲ್ಲೂ ನಾಲ್ಕು ಕಾಲಲ್ಲೇ ನಿಂತು ಗುರುಗುಟ್ಟಿದ.

"ಶೇಖರ್‌ಜೀ, ಗಿರನಾ ಹೈ! ಪೀಠ್ ಪರ್!" ಬೆನ್ನ ಮೇಲೆ ಬೀಳಲೇಬೇಕು ಎಂದು ನಿರ್ದೇಶಕ ಮನೀಷ್ ಕಿರುಚಿದ. ಕಾರ್ಟೂನಿನಲ್ಲಿ ಪೆಟ್ಟು ಬಿದ್ದರೆ ಹುಲಿಯ ತಲೆಯ ಸುತ್ತ ನಕ್ಷತ್ರ ತಿರುಗುತ್ತಿದ್ದವು, ಮಕ್ಕಳು ನಗುತ್ತಿದ್ದರು. ಈ ಮಹಾಶಯನಿಗೆ ಅದೆಲ್ಲ ಬೇಡ, ನಿಜದ ಹಾಗೆ ಕಾಣಬೇಕು.

ಮೂರನೆಯ ಟೇಕಿಗೆ ಮುಂಚೆ ಭುಜಂಗ ಸೆಟ್ಟಿನ ಬಿದಿರಿನ ಬೇಲಿಯ ಕಡೆ ಹೋಗಿ ಬಂದ. ಯಾರೂ ನೋಡಲಿಲ್ಲ. ಕ್ಯಾಮೆರಾ ಓಡಿತು. ಮೊದಲ ಪೆಟ್ಟು ಪಕ್ಕೆಗೆ ಬಿದ್ದಾಗ ಶೇಖರನ ಉಸಿರೇ ನಿಂತಿತು. ಫೋಮಲ್ಲ, ಗಟ್ಟಿ ಬಿದಿರು! ಎಲುಬು ಲಟಕ್ಕೆಂದದ್ದು ಅವನೊಬ್ಬನಿಗೇ ಕೇಳಿಸಿತು.

"ಇದು ಬಿದಿರು" ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ, ಪುಣ್ಯಾತ್ಮ. ಊದು ಹಾಕಿಸಿಕೊಂಡ ಹುಲಿ ದೂರು ಹೇಳುವುದುಂಟೇ? ಹಲ್ಲು ಕಚ್ಚಿ ನಿಂತ. ಎರಡನೆಯದು ಬೆನ್ನಿಗೆ ಬಿತ್ತು, ಮತ್ತೆ ಬೆನ್ನಿಗೆ, ಮತ್ತೆ. ಭುಜಂಗ ಲೆಕ್ಕ ಮರೆತಿದ್ದ. ಎರಡು ವರ್ಷದ ಹೊಟ್ಟೆಯುರಿಯೆಲ್ಲ ಆ ಕೈಗೆ ಇಳಿದಿತ್ತು. ಬೆನ್ನ ಚರ್ಮ ಅಂಗಿಯೊಳಗೇ ಬಿರಿದು ಬಿಸಿಯಾಗಿ ಒದ್ದೆಯಾದದ್ದು ಶೇಖರನಿಗೆ ಗೊತ್ತಾಯಿತು.

"ಬೀಳೋ!" ಎಂದು ಭುಜಂಗ ಕೂಗಿದ. "ಬೀಳು, ನಿನ್ನ ಮಗಳು ನೋಡ್ಲಿ!"

ಆ ಮಾತೊಂದು ಬೇಡವಾಗಿತ್ತು. ಮುಂದಿನ ಪೆಟ್ಟು ದವಡೆಗೆ ಬಿದ್ದು ಬಾಯಿ ತುಂಬ ರಕ್ತ ಬಂದದ್ದೇ ತಡ, ಶೇಖರ ಎಗರಿದ. ಮನುಷ್ಯನ ಹಾಗೆ ಗುದ್ದಲಿಲ್ಲ, ಕೈ ಎತ್ತಲೇ ಇಲ್ಲ. ಅಕ್ಕಿಮುಡಿ ಎತ್ತುವ ಆ ಹಲ್ಲು ಭುಜಂಗನ ಕುತ್ತಿಗೆಗೂ ಹೆಗಲಿಗೂ ನಡುವೆ ಇಳಿಯಿತು. ಕಚ್ಚಿ ಹಿಡಿದು, ಅಲುಗಾಡಿಸಿ, ಅಷ್ಟು ದೊಡ್ಡ ಆಳನ್ನು ನೆಲಕ್ಕೆ ಬಡಿದ. ಭುಜಂಗ "ಅಮ್ಮಾ, ಅಯ್ಯೋ ಅಮ್ಮಾ" ಎಂದು ಕಿರುಚಿ ಒದ್ದಾಡಿದ. ಶೇಖರನಿಗೆ ಕೇಳಿಸಿತು, ನಿಜ ಹೇಳಬೇಕೆಂದರೆ ಖುಷಿಯೂ ಆಯಿತು, ಇನ್ನಷ್ಟು ಬಲವಾಗಿ ಕಚ್ಚಿದ. ಐದು ಜನ ಸೇರಿ ಎಳೆದಾಗ ಬಾಯಲ್ಲಿ ಮಾಂಸದ ಚೂರೊಂದು ಉಳಿದಿತ್ತು.

"ಓಕೆ! ಕ್ಯಾ ಶಾಟ್ ಹೈ!" ಎಂದು ಮನೀಷ್ ಚಪ್ಪಾಳೆ ತಟ್ಟಿದ. ರಕ್ತ ನೋಡಿದ ಮೇಲೆ ಅವನ ಕೈ ನಿಂತಿತು.

ಗದ್ದಲವೋ ಗದ್ದಲ. ರಮಿತಾ ಮಾಜಿವಾಡಾದ ಕಡೆಯ ಆಸ್ಪತ್ರೆಗೆ ಗಾಡಿ ತರಿಸಲು ಓಡಿದಳು. ಬಿದಿರು ಎಲ್ಲೋ ಕಾಲಡಿ ಸೇರಿ ಕಾಣೆಯಾಯಿತು. ನೆಲದ ತುಂಬ ಬಿದ್ದಿದ್ದವು ಫೋಮಿನ ದೊಣ್ಣೆಗಳು ಮಾತ್ರ. ಭುಜಂಗನನ್ನು ಕುರ್ಚಿಯಲ್ಲಿ ಕೂರಿಸಿ ಹೆಗಲಿಗೆ ಟವೆಲು ಒತ್ತಿದರು.

ಮಾನಿಟರಿನ ಹತ್ತಿರದಿಂದ ಪ್ರೇಕ್ಷಾ ನಡೆದು ಬಂದಳು. ಕೈಯಲ್ಲಿ ತನ್ನ ನೀರಿನ ಬಾಟಲಿ. ಶೇಖರ ಬಾಯಿ ಒರೆಸಿಕೊಂಡು ಕೈ ಚಾಚಿದ. ಅವಳು ಆ ಕೈಯನ್ನು ಸುತ್ತುಹಾಕಿ ಹೋಗಿ ಭುಜಂಗನ ಮುಂದೆ ನಿಂತಳು.

"ಅಂಕಲ್, ಪಾನೀ ಪೀಯೋ," ಎಂದಳು.

"ಪುಟ್ಟಾ, ಅವನು ನಂಗೆ ಬಿದಿರಲ್ಲಿ ಹೊಡ್ದದ್ದು," ಎಂದ ಶೇಖರ. ದವಡೆ ಊದಿ ಮಾತು ತೊದಲಿತು. "ನಿಜದ ಬಿದಿರು."

"ಝೂಟ್ ಮತ್ ಬೋಲೋ ಪಪ್ಪಾ. ಫೋಮ್ ಥಾ." ತಾನೇ ತಲೆಗೆ ಬಡಿದು ನೋಡಿದ ದೊಣ್ಣೆಯ ಬಗ್ಗೆ ಅಪ್ಪ ಸುಳ್ಳು ಹೇಳುತ್ತಿದ್ದಾನೆ ಎಂದೇ ಅವಳಿಗೆ.

"ಭುಜಂಗ, ಹೇಳು ಮಾರಾಯ. ಮಗು ಅದು. ಅದಕ್ಕೆ ನಿಜ ಹೇಳು."

ಭುಜಂಗ ಎರಡು ಗುಟುಕು ನೀರು ಕುಡಿದ. ಹುಡುಗಿಯ ತಲೆ ಸವರಿದ. "ಫೋಮೇ ಮಗಾ," ಎಂದ.

ಬಿದಿರು ಮಾಡಲಾಗದ್ದನ್ನು ಆ ಎರಡು ಮಾತು ಮಾಡಿದವು, ಶೇಖರ ನೆಲದಲ್ಲಿ ಕುಸಿದು ಕೂತ. ಬೆನ್ನು ನೋಡಿದರೆ ನಂಬಿಯಾಳು ಎಂದು ಕೈ ಹಿಂದಕ್ಕೆ ತಿರುಗಿಸಿ ಜಿಪ್ಪಿಗಾಗಿ ತಡಕಾಡಿದ. ಮುರಿದ ಪಕ್ಕೆ ಕೈಯನ್ನು ಅಲ್ಲಿಯವರೆಗೆ ಹೋಗಗೊಡಲಿಲ್ಲ.

"ಪುಟ್ಟಾ, ಬಾ ಇಲ್ಲಿ. ಈ ಜಿಪ್ಪೊಂದು ಎಳಿ. ನನ್ನ ಬೆನ್ನು ನೋಡು. ಒಂದೇ ಸಲ ನೋಡು."

ಪ್ರೇಕ್ಷಾ ಅಪ್ಪನ ಕೆಂಪು ಹಲ್ಲನ್ನೇ ನೋಡುತ್ತ ಒಂದು ಹೆಜ್ಜೆ ಹಿಂದೆ ಸರಿದು, ಭುಜಂಗನ ಕುರ್ಚಿಯ ಹಿಂದೆ ಅಡಗಿ ನಿಂತಳು.