ಡೊಂಕೋರ್ ಬಿಟ್ಟುಹೋದ ರಿವರ್ಬ್

ನ್ಯಾಮೆಚೆ ಚರ್ಚಿನ ಸೌಂಡ್ ಮಿಕ್ಸರಿನ ಮೇಲಿನ ಧೂಳು ಒರೆಸುತ್ತಿದ್ದಾಗ ಅಕುವಾ ಸೆರ್ವಾ ಹಿಂದಿನಿಂದ ಬಂದು ಅವನ ಮೊಣಕೈ ಹಿಡಿದಳು. ಒಳಗೆಲ್ಲ ಶೋಕದ ಕಪ್ಪು-ಕೆಂಪು ಬಟ್ಟೆಯ ಜನ. ಎದುರಿಗೆ ಶವಪೆಟ್ಟಿಗೆಯಲ್ಲಿ ಕೆಂಟೆ ವಸ್ತ್ರ ಹೊದ್ದು ಮಲಗಿದ್ದವನು ಅವಳ ಗಂಡ ಕ್ವಾಕು ಡೊಂಕೋರ್. ಇಪ್ಪತ್ತಾರು ವರ್ಷ ಇದೇ ಮೇಜಿನ ಹಿಂದೆ ಕೂತು ಚರ್ಚಿನ ಧ್ವನಿವರ್ಧಕಗಳನ್ನು ನೋಡಿಕೊಂಡವನು. ಅವನು ಸತ್ತು ಶವಾಗಾರ ಸೇರಿದ ಹೋದ ತಿಂಗಳಿಂದ ಆ ಕುರ್ಚಿ ನ್ಯಾಮೆಚೆಯದು.

"ಆ ರಿವರ್ಬ್ ಇಳಿಸಪ್ಪ. ನಾನಿವತ್ತು ಮಾತಾಡ್ಬೇಕು. ಒಂದೊಂದು ಮಾತೂ ಜನಕ್ಕೆ ತಿಳೀಬೇಕು."

"ಆಗಲ್ಲ ಮಾಮೆ, ನೀವೇ ನೋಡಿ," ಎಂದ ಅವನು.

ದನಿಗೆ ಮಾರ್ದನಿ ಕೂಡಿಸುವ ಆ ಪುಟ್ಟ ಪೆಟ್ಟಿಗೆಯ ಗುಂಡಿಗಳ ಮೇಲೆ ಕಪ್ಪು ಟೇಪು ಬಿಗಿದಿತ್ತು. ಡೊಂಕೋರ್ ಕೊನೆಯ ಭಾನುವಾರ ಎಲ್ಲಿಗೆ ತಿರುಗಿಸಿ ಹೋಗಿದ್ದನೋ ಅಲ್ಲೇ ಇರಲಿ, ಮಣ್ಣಾಗುವವರೆಗೆ ಯಾರೂ ಮುಟ್ಟಕೂಡದು ಎಂದು ಪಾದ್ರಿ ಓಸೋಫೋ ಅಗ್ಯೆಮಾನ್ ಹೇಳಿದ್ದರಂತೆ. ಸತ್ತವನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಏನಿದೆ ಎಂದು ನ್ಯಾಮೆಚೆ ಅವಳನ್ನೇ ಕೇಳಿದ.

ಕಾರಣ ಹೇಳಿದರೆ ಈಗಲೇ ಓಸೋಫೋಗೆ ತಲುಪುತ್ತದೆ. ತಲುಪಿದರೆ ಮೈಕೇ ಕೈಗೆ ಬರುವುದಿಲ್ಲ. ಅಕುವಾ ಮುಂದಿನ ಸಾಲಿಗೆ ಹೋದಳು.

ಅಲ್ಲಿ ಡೊಂಕೋರನ ಸೋದರಮಾವ ಕೂತಿದ್ದರು, ಕುಲದ ಹಿರಿಯರು. "ಹಾಡುಹಗಲಲ್ಲಿ ಕುಡಿದು ಟ್ರೋಟ್ರೋ ವ್ಯಾನಿಗೆ ಅಡ್ಡ ಹೋದ್ನಲ್ಲಮ್ಮ," ಎಂದು ಗೊಣಗಿದರು. "ಡ್ರೈವರ್ ಹಾರ್ನ್ ಹೊಡ್ದು ಹೊಡ್ದು ಸುಸ್ತಾದ್ನಂತೆ. ಇಡೀ ಕುಮಾಸಿ ಊರೇ ಆಡ್ಕೋತಿದೆ."

*

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳು ಅಂಗಳದಲ್ಲಿ ಊಟಕ್ಕೆ ಬೇಯಿಸಿದ ಗೆಣಸಿನ ಫುಫು ದಬದಬ ಕುಟ್ಟುತ್ತಿದ್ದಳು. ಬೆನ್ನು ಹಾಕಿ ಕೂತಿದ್ದ ಗಂಡ, ಹಸಿವಾಗುತ್ತಿದೆ, ಇನ್ನೂ ಕುಟ್ಟುವುದಕ್ಕೇ ಶುರು ಮಾಡಿಲ್ಲವಾ ಎಂದ. ಒನಕೆ ಅವಳ ಕೈಯಲ್ಲೇ ನಿಂತಿತು.

ಚರ್ಚಿನಲ್ಲಿ ಮಿಕ್ಸರಿನ ಮೇಜಿನ ಪಕ್ಕದಲ್ಲಿ, ಅವನ ಕಿವಿಯಿಂದ ಒಂದು ಮಾರು ದೂರಕ್ಕೆ, ದೊಡ್ಡ ಸ್ಪೀಕರು ನಿಂತಿತ್ತು. ಅದನ್ನು ಸರಿಸಿ ಎಂದು ಮೂರು ಸಲ ಕೇಳಿದ್ದ. ದೇವರ ಮಾತು ನಿನಗೆ ಜೋರಾಯಿತೇನಪ್ಪ ಎಂದು ಓಸೋಫೋ ನಕ್ಕಿದ್ದರು. ಕಿವಿ ಹೋಯಿತೆಂದು ಗೊತ್ತಾದರೆ ಕುರ್ಚಿಯೂ ಹೋಗುತ್ತದೆ, ಯಾರಿಗೂ ಹೇಳಬೇಡ ಎಂದು ಅವಳಿಂದ ಆಣೆ ಮಾಡಿಸಿಕೊಂಡ.

ಆಮೇಲಿನದೆಲ್ಲ ಗಂಡ-ಹೆಂಡಿರ ನಾಟಕ. ಮೂರನೇ ಸಾಲಿನಲ್ಲಿ ಕೂತ ಅವಳು ತಲೆವಸ್ತ್ರ ಮುಟ್ಟಿದರೆ ಅವನು ದನಿ ಏರಿಸಬೇಕು, ಕೊರಳು ಮುಟ್ಟಿದರೆ ಇಳಿಸಬೇಕು. ಬರಬರುತ್ತ ಅವನು ಅವಳತ್ತ ನೋಡುವುದನ್ನೇ ಬಿಟ್ಟ. ಮೇಜಿನ ಮೇಲೆ ಅಂಗೈ ಊರಿ, ಮಾರ್ದನಿಯ ನಡುಕ ಕೈಗೆ ಹತ್ತುವವರೆಗೂ ಗುಂಡಿ ತಿರುಗಿಸುತ್ತಿದ್ದ. ಅವಳು ಕೊರಳು ಮುಟ್ಟಿ ಮುಟ್ಟಿ ಸೋತಳು. ಜನ ಮಾತ್ರ ಸ್ವರ್ಗವೇ ಇಳಿದು ಬಂದಂತಿದೆ ಎಂದರು. ಓಸೋಫೋ ಹೇಳುವುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಪದ ತಿಳಿಯದಿದ್ದರೂ ನಡೆಯುತ್ತಿತ್ತು.

*

ಹೆಸರು ಕರೆದಾಗ ಅಕುವಾ ಎದ್ದಳು. ಆಣೆಯ ನೆನಪಿತ್ತು. ಆದರೆ ಈಗ ಕಳೆದುಕೊಳ್ಳಲು ಕುರ್ಚಿಯಿಲ್ಲ, ಹೋಗುತ್ತಿರುವುದು ಹೆಸರು. ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು.

"ನನ್ನ ಗಂಡ ಕುಡಿದಿರ್ಲಿಲ್ಲ. ಅವರಿಗೆ ಕಿವಿ ಕೇಳ್ತಿರ್ಲಿಲ್ಲ. ಈ ಸ್ಪೀಕರ್ರೇ ಅವರ ಕಿವಿ ತಿಂದಿದ್ದು."

ಮೊದಲ ಮಾತು ಅಡಗುವ ಮೊದಲೇ ಎರಡನೆಯದು ಅದರ ಮೇಲೆ ಬಿತ್ತು, ಮೂರನೆಯದು ಅವೆರಡರ ಮೇಲೆ. ತಗಡಿನ ಚಾವಣಿಯ ಕೆಳಗೆ ಉಳಿದದ್ದು ಒಂದು ಉದ್ದನೆಯ ಗೋಳು. ಅವಳು ತಡೆದು ತಡೆದು, ಒಂದೊಂದೇ ಪದವಾಗಿ ಹೇಳಿದಳು. ಗೋಳು ಇನ್ನೂ ಉದ್ದವಾಯಿತು. ಹೆಂಗಸರು ಎದೆ ಹಿಡಿದುಕೊಂಡು ಅತ್ತರು. ಅವಳು ಮೈಕು ಕೆಳಗಿಟ್ಟು ಬರಿಗಂಟಲಲ್ಲಿ ಕೂಗಿದಳು. ಅಷ್ಟರಲ್ಲಿ ಜನ ಎದ್ದು ನಿಂತು ಹಾಡು ಎತ್ತಿಯಾಗಿತ್ತು.

ಸೋದರಮಾವ ಮುಂದೆ ಬಂದು ಅವಳ ಭುಜ ತಬ್ಬಿದರು. ಮುದುಕರ ಕೆನ್ನೆ ತೋಯ್ದಿತ್ತು.

"ಏನಂದ್ಯೋ ಒಂದಕ್ಷರ ತಿಳೀಲಿಲ್ಲ ತಾಯಿ," ಎಂದು ಅವಳ ಕಿವಿಯ ಬಳಿ ಹೇಳಿದರು. "ಆದ್ರೆ ಕರುಳು ಕಿತ್ತು ಬಂತು. ಕುಡುಕ ಆದ್ರೇನು, ಕ್ಷಮಿಸ್ಬಿಟ್ಟೆ ಅವನ್ನ."

ಓಸೋಫೋ ಮೈಕೆತ್ತಿಕೊಂಡು ಆಮೆನ್ ಎಂದರು. ಆಮೆನ್ ಚಾವಣಿಯನ್ನು ಸುತ್ತಿ, ಗೋಡೆಗೆ ಬಡಿದು, ಮತ್ತೆ ಮತ್ತೆ ತಿರುಗಿ ಬಂತು. ಮೇಲೆತ್ತಿದ ನೂರಾರು ಕೈಗಳ ನಡುವೆ ಅಕುವಾಳ ಬಾಯಿ ಆಡುತ್ತಲೇ ಇತ್ತು.